ಹಾಲಿಲ್ಲದ ಬಟ್ಟಲು: ರಾಗಿ ಸರಿಯಿಂದ ‘ಹೈದರಾಬಾದ್ ಮಿಶ್ರಣ’ದವರೆಗೆ

ಮಗುವಿಗೆ ಹಾಲು ಒಗ್ಗುವುದಿಲ್ಲವೆಂದು ವೈದ್ಯರು ಹೇಳಿದ ದಿನ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: “ಹಾಗಾದರೆ ಬೆಳಿಗ್ಗೆ ಏನು ಕೊಡೋದು?” ಒಂದು ಲೋಟ ಹಾಲು, ಹಾಲಿನಲ್ಲಿ ನೆನೆಸಿದ ಬಿಸ್ಕತ್ತು, ಹಾಲಿಗೆ ಕಲಸಿದ ಡಬ್ಬಿಯ ಪುಡಿ, ಇಷ್ಟರಲ್ಲೇ ಪಟ್ಟಣದ ಅನೇಕ ಮನೆಗಳ ಮಕ್ಕಳ ಬೆಳಗಿನ ಉಪಾಹಾರ ಮುಗಿದುಹೋಗುತ್ತದೆ. ಊರಿನಲ್ಲಾದರೆ ಕೇಳಲು ಅಜ್ಜಿ ಇರುತ್ತಾರೆ, ಪಕ್ಕದ ಮನೆಯ ಹಿರಿಯರಿರುತ್ತಾರೆ. ಉದ್ಯೋಗಕ್ಕಾಗಿ ಊರು ಬಿಟ್ಟು ಬಂದ ನಮ್ಮಂಥವರಿಗೆ ಆ ಆಸರೆ ಕಡಮೆ. ಆದರೆ ಹಾಲನ್ನು ನೆಚ್ಚಿಕೊಳ್ಳದೆ ಮಗುವಿನ ಬಟ್ಟಲು ತುಂಬಿಸುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಆ ವಿದ್ಯೆಯ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಾವಿರುವ ಈ ಹೈದರಾಬಾದಿನಲ್ಲೇ ನಡೆಯಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಮೊದಲು ನಮ್ಮ ಹಳೆಯ ಅಡಿಗೆಮನೆಯನ್ನು ನೋಡೋಣ. ರಾಗಿ ಮೂಲತಃ ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳ ಧಾನ್ಯ. ಸಾವಿರಾರು ವರ್ಷಗಳ ಹಿಂದೆಯೇ ಇಲ್ಲಿಗೆ ಬಂದು ನಮ್ಮದೇ ಆಗಿಹೋಯಿತು. ಕನಕದಾಸರು ‘ರಾಮಧಾನ್ಯ ಚರಿತ್ರೆ’ಯಲ್ಲಿ ಭತ್ತಕ್ಕೂ ರಾಗಿಗೂ ವಾದ ಹೂಡಿಸಿ, ಶ್ರೀರಾಮನ ಮುಂದೆ ರಾಗಿಯನ್ನೇ ಗೆಲ್ಲಿಸಿದ್ದು ಎಲ್ಲರಿಗೂ ಗೊತ್ತು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯ, ಅಲ್ಲಿಯ ಹೊಲಗಳ ಮುಖ್ಯ ಬೆಳೆ ರಾಗಿಯೆಂದು ಬರೆದಿಟ್ಟಿದ್ದಾನೆ. ದೊಡ್ಡವರಿಗೆ ಮುದ್ದೆಯಾದ ಈ ರಾಗಿ ಹಸುಗೂಸಿಗೆ ‘ಸರಿ’ಯಾಯಿತು. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ, ಮೊಳಕೆಯನ್ನು ಉಜ್ಜಿ ತೆಗೆದು, ಬೀಸಿ, ತೆಳುಬಟ್ಟೆಯಲ್ಲಿ ಶೋಧಿಸಿದರೆ ಸರಿಹಿಟ್ಟು ಸಿದ್ಧ. ಕರಾವಳಿಯಲ್ಲಿ ಇದೇ ರಾಗಿ ತೆಂಗಿನಹಾಲು, ಬೆಲ್ಲ ಸೇರಿ ‘ಮಣ್ಣಿ’ಯಾಯಿತು. ಬೀದರ, ಕಲಬುರಗಿ, ರಾಯಚೂರು ಕಡೆಯ ಮನೆಗಳಲ್ಲಿ ಜೋಳದ ನುಚ್ಚು, ಜೋಳದ ಗಂಜಿ ಇದ್ದವು. ಹಾಲು ಕರೆಯುವ ಹಸು ಮನೆಯಲ್ಲಿದ್ದರೆ ಹಾಲು ಸೇರುತ್ತಿತ್ತು. ಇಲ್ಲದಿದ್ದರೆ ಬಟ್ಟಲು ಬರಿದಾಗುತ್ತಿರಲಿಲ್ಲ.

ಹಾಗಿದ್ದರೆ ಹಾಲಿಲ್ಲದೆ ಮಗು ಬೆಳೆಯದು ಎಂಬ ಭಯ ಎಲ್ಲಿಂದ ಬಂತು? ಎರಡನೆಯ ಮಹಾಯುದ್ಧದ ನಂತರ ಬಡ ದೇಶಗಳ ಮಕ್ಕಳ ಸೊರಗಿಗೆ ಪ್ರೋಟೀನಿನ ಕೊರತೆಯೇ ಕಾರಣವೆಂದು ಲೋಕದ ತಜ್ಞರು ಬಲವಾಗಿ ನಂಬಿದರು. ಹೊರದೇಶಗಳಿಂದ ಕೆನೆ ತೆಗೆದ ಹಾಲಿನ ಪುಡಿ ಹಡಗು ಹಡಗಾಗಿ ಬಂದು ಶಾಲೆ, ಆಸ್ಪತ್ರೆಗಳಲ್ಲಿ ಹಂಚಿಕೆಯಾಯಿತು. 1968ರಲ್ಲಿ ವಿಶ್ವಸಂಸ್ಥೆಯೇ ಬರಲಿರುವ ‘ಪ್ರೋಟೀನ್ ಬಿಕ್ಕಟ್ಟಿನ’ ಎಚ್ಚರಿಕೆ ನೀಡಿತು. ನಮ್ಮಲ್ಲಿ ಹಾಲೇ ಸಾಲದು, ಪ್ರೋಟೀನು ಎಲ್ಲಿಂದ ತರುವುದು?

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಕನ್ನಡನಾಡಿನ ಪ್ರಯೋಗಾಲಯಗಳು ಮುಂದಿದ್ದವು. 1940ರ ದಶಕದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾ. ವಿ. ಸುಬ್ರಹ್ಮಣ್ಯನ್ ಮತ್ತು ಸಂಗಡಿಗರು ಸೋಯಾ ಅವರೆಯಿಂದ ಸಸ್ಯಜನ್ಯ ಹಾಲು ತೆಗೆಯುವ ಕೆಲಸ ನಡೆಸಿದ್ದರು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ ಆರಂಭವಾದಾಗ ಅದರ ಮೊದಲ ನಿರ್ದೇಶಕರೂ ಅವರೇ. ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಹುರಿಗಡಲೆ ಹಿಟ್ಟು ಒಂದು ಪಾಲು ಸೇರಿಸಿ, ಜೀವಸತ್ವಗಳನ್ನು ಬೆರೆಸಿ ಅಲ್ಲಿ ತಯಾರಿಸಿದ ‘ಬಹೂಪಯೋಗಿ ಆಹಾರ’ ಹಾಲಿನ ಹಂಗಿಲ್ಲದ ಪುಷ್ಟಿಕರ ಪುಡಿಯಾಗಿತ್ತು.

ಇನ್ನು ಹೈದರಾಬಾದಿನ ಕಥೆ. ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯ ಮುಂದೆ ನಾವು ಎಷ್ಟೋ ಸಲ ಹಾದುಹೋಗಿರುತ್ತೇವೆ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗಾಗಿ ರಾಬರ್ಟ್ ಮೆಕ್ಯಾರಿಸನ್ ಒಂದು ಕೋಣೆಯಲ್ಲಿ ಆರಂಭಿಸಿದ ಕೆಲಸ ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ಈಗಿನ ಹೆಸರನ್ನು ಪಡೆಯಿತು. ಅದರ ನಿರ್ದೇಶಕರಾಗಿದ್ದ ಡಾ. ಸಿ. ಗೋಪಾಲನ್ ಲೋಕದ ನಂಬಿಕೆಯನ್ನೇ ಪ್ರಶ್ನಿಸಿದರು. ನಮ್ಮ ಮಕ್ಕಳು ತಿನ್ನುವುದು ಕಾಳು ಬೇಳೆಗಳ ಊಟ. ಅದನ್ನು ಹೊಟ್ಟೆ ತುಂಬ ತಿಂದರೆ ಪ್ರೋಟೀನು ತಾನಾಗಿ ಸಿಗುತ್ತದೆ. ಕೊರತೆಯಿರುವುದು ಒಟ್ಟು ಆಹಾರದಲ್ಲಿ ಎಂಬುದು ಅವರ ವಾದ.

ವಾದವನ್ನು ಅವರು ಪರೀಕ್ಷೆಗೂ ಒಡ್ಡಿದರು. ಹೈದರಾಬಾದಿನ ಸುತ್ತಲ ಹಳ್ಳಿಗಳ ಐದು ವರ್ಷದೊಳಗಿನ ಮಕ್ಕಳಿಗೆ ದಿನಕ್ಕೆ ಸುಮಾರು 310 ಕ್ಯಾಲೊರಿ ಶಕ್ತಿ ಕೊಡುವ, ಆದರೆ ಪ್ರೋಟೀನು ಕೇವಲ 3 ಗ್ರಾಂ ಇರುವ ತಿಂಡಿಯೊಂದನ್ನು 14 ತಿಂಗಳ ಕಾಲ ಕೊಟ್ಟರು. ಅದರಲ್ಲಿದ್ದದ್ದು ಗೋಧಿ ಹಿಟ್ಟು, ಸಕ್ಕರೆ, ಅಡಿಗೆ ಎಣ್ಣೆ. ತಿಂಡಿ ತಿಂದ ಮಕ್ಕಳು ತಿನ್ನದವರಿಗಿಂತ ಎತ್ತರದಲ್ಲಿಯೂ ತೂಕದಲ್ಲಿಯೂ ಚೆನ್ನಾಗಿ ಬೆಳೆದರು. 1973ರಲ್ಲಿ ಪ್ರಕಟವಾದ ಈ ಅಧ್ಯಯನ ಲೋಕದ ಪೋಷಣಶಾಸ್ತ್ರದ ದಿಕ್ಕನ್ನು ತಿರುಗಿಸಿದ ಕೆಲಸಗಳಲ್ಲೊಂದು. ಮರುವರ್ಷವೇ ಹೊರದೇಶದ ತಜ್ಞರೊಬ್ಬರು ‘ಪ್ರೋಟೀನಿನ ಮಹಾ ಎಡವಟ್ಟು’ ಎಂಬ ಅರ್ಥದ ಲೇಖನವನ್ನು ಹೆಸರಾಂತ ವೈದ್ಯಪತ್ರಿಕೆಯಲ್ಲಿ ಬರೆದರು.

ಇದೇ ಸಂಸ್ಥೆಯ ಇನ್ನೊಂದು ಕೊಡುಗೆಗೆ ನಮ್ಮ ಊರಿನ ಹೆಸರೇ ನಿಂತಿದೆ: ‘ಹೈದರಾಬಾದ್ ಮಿಶ್ರಣ’. ಗೋಧಿ 40 ಗ್ರಾಂ, ಕಡಲೆ 16 ಗ್ರಾಂ, ಕಡಲೆಕಾಯಿ ಬೀಜ 10 ಗ್ರಾಂ, ಬೆಲ್ಲ 20 ಗ್ರಾಂ. ಕಾಳುಗಳನ್ನು ಬೇರೆ ಬೇರೆ ಹುರಿದು, ಪುಡಿಮಾಡಿ, ಬೆಲ್ಲ ಬೆರೆಸುವುದು. ಈ 86 ಗ್ರಾಮಿನಲ್ಲಿ 330 ಕ್ಯಾಲೊರಿ, 11 ಗ್ರಾಮಿಗೂ ಮಿಕ್ಕ ಪ್ರೋಟೀನು. ಹಾಲಿನ ಸುಳಿವಿಲ್ಲ. ನಮ್ಮ ಅಜ್ಜಿಯರ ಹುರಿಹಿಟ್ಟಿಗೂ ಇದಕ್ಕೂ ಇರುವ ನಂಟು ಹೇಳಬೇಕಾಗಿಲ್ಲ.

ಸರಿಹಿಟ್ಟಿನ ಗುಟ್ಟನ್ನು ಬಿಡಿಸಿದವರು ಮತ್ತೆ ಮೈಸೂರಿನವರು. ಸಾದಾ ಹಿಟ್ಟಿನ ಗಂಜಿ ಬೇಗ ಗಟ್ಟಿಯಾಗುತ್ತದೆ. ಮಗು ನುಂಗಲೆಂದು ನೀರು ಹೆಚ್ಚಿಸಿದರೆ ಸತ್ವ ತೆಳುವಾಗುತ್ತದೆ. ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿಬಿಡುತ್ತದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ಸಡಿಲವಾಗಿರುತ್ತದೆ. ಎನ್. ಜಿ. ಮಲ್ಲೇಶಿ ಮತ್ತು ಎಚ್. ಎಸ್. ಆರ್. ದೇಶಿಕಾಚಾರ್ ಅವರು ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರವನ್ನು ಇದೇ ತತ್ವದ ಮೇಲೆ ರೂಪಿಸಿ 1982ರಲ್ಲಿ ಪ್ರಕಟಿಸಿದರು. ಆದ್ದರಿಂದಲೇ ಸರಿಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಬೇಕು. ಕುದಿಯುವ ನೀರಿಗೆ ಸುರಿದರೆ ಕಿಣ್ವ ಕೆಲಸ ಮಾಡುವ ಮೊದಲೇ ನಾಶವಾಗುತ್ತದೆ.

ಹಾಲು ಒಗ್ಗದಿರುವುದರಲ್ಲಿ ಎರಡು ಬಗೆಯುಂಟು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಕಿಣ್ವ ಕಡಮೆಯಿರುವುದು ಒಂದು. ಭಾರತೀಯರಲ್ಲಿ ಈ ಕೊರತೆಯನ್ನು ಕುರಿತು ತಾರ್ನಾಕದ ಇದೇ ಸಂಸ್ಥೆಯ ಡಾ. ವಿನೋದಿನಿ ರೆಡ್ಡಿ ಮತ್ತು ಸಂಗಡಿಗರು 1972ರಲ್ಲಿಯೇ ಬರೆದಿದ್ದರು. ಇಂಥವರಲ್ಲಿ ಅನೇಕರಿಗೆ ಸ್ವಲ್ಪ ಹಾಲು, ಮೊಸರು ಒಗ್ಗುತ್ತವೆ. ಹಾಲಿನ ಪ್ರೋಟೀನಿಗೇ ದೇಹ ತಿರುಗಿಬೀಳುವ ಅಲರ್ಜಿ ಇನ್ನೊಂದು. ಇದರಲ್ಲಿ ಒಂದು ಚಮಚ ಮೊಸರೂ ಅಪಾಯವಾಗಬಹುದು. ಎಮ್ಮೆ ಅಥವಾ ಆಡಿನ ಹಾಲು ಬದಲಿಯಾಗದು. ಯಾವುದೆಂದು ನಿರ್ಧರಿಸಬೇಕಾದವರು ವೈದ್ಯರು. ನೆರೆಹೊರೆಯವರ ಮಾತಿನ ಮೇಲೆ ಹಾಲು ಬಿಡಿಸುವುದೂ ಬೇಡ, ಕುಡಿಸುವುದೂ ಬೇಡ. ಎರಡು ವರ್ಷದವರೆಗೆ ತಾಯಿಯ ಹಾಲು ಮುಂದುವರಿಯುವುದು ಒಳ್ಳೆಯದು.

ಈ ಇತಿಹಾಸದಿಂದ ನಾಳೆ ಬೆಳಗಿನ ಬಟ್ಟಲಿಗೆ ಏನು ಸಿಗುತ್ತದೆ? ವಾರಕ್ಕೆ ಸಾಲುವಷ್ಟಿದೆ. ಬೆಲ್ಲ ಹಾಕಿದ ರಾಗಿ ಸರಿ ಒಂದು ದಿನ, ತೆಂಗಿನಹಾಲಿನ ಮಣ್ಣಿ ಒಂದು ದಿನ. ಬಿಸಿನೀರಿನಲ್ಲಿ ಕದಡಿದ ಹೈದರಾಬಾದ್ ಮಿಶ್ರಣ. ಗೋಧಿ ನುಚ್ಚು, ಹೆಸರುಬೇಳೆಯ ಮೆತ್ತನೆಯ ಹುಗ್ಗಿ. ಬೇಳೆಕಟ್ಟಿನಲ್ಲಿ ನೆನೆಸಿ ಕಿವುಚಿದ ಜೋಳದ ರೊಟ್ಟಿ, ಮೇಲೆ ಒಂದು ಚಮಚ ಎಣ್ಣೆ. ಬಾಳೆಹಣ್ಣಿನೊಡನೆ ಕಲಸಿದ ನೆನೆಸಿದ ಅವಲಕ್ಕಿ. ಇಡ್ಲಿ, ಮೆತ್ತನೆಯ ದೋಸೆಗಳಂತೂ ಇದ್ದೇ ಇವೆ. ರಾಗಿಗಾಗಿ ಊರಿನಿಂದ ಬರುವವರನ್ನು ಕಾಯಬೇಕಾಗಿಲ್ಲ. ತೆಲುಗಿನವರು ‘ರಾಗುಲು’ ಎಂದು ಕರೆದು ‘ರಾಗಿ ಜಾವ’ ಕಾಯಿಸಿ ಕುಡಿಯುವುದು ಇದನ್ನೇ.

ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ಕಡಲೆಕಾಯಿ ಬೀಜವನ್ನು ಇಡಿಯಾಗಿ ಕೊಟ್ಟರೆ ಗಂಟಲಿಗೆ ಸಿಕ್ಕುವ ಭಯವುಂಟು; ಅದು ಯಾವಾಗಲೂ ನುಣ್ಣನೆಯ ಪುಡಿಯಾಗಿರಲಿ. ಕಡಲೆಕಾಯಿಯೂ ಕೆಲವು ಮಕ್ಕಳಿಗೆ ಒಗ್ಗದು. ಮೊದಲ ಸಲ ಚಿಟಿಕೆಯಷ್ಟು ಕೊಟ್ಟು ನೋಡಬೇಕು. ರಾಗಿಯ ಸುಣ್ಣದ ಅಂಶವನ್ನು ಹೊಗಳುವಾಗ ಲೆಕ್ಕವೂ ಇರಲಿ: 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ, ಅಷ್ಟೇ ಹಸುವಿನ ಹಾಲಿನಲ್ಲಿ 120 ಮಿಲಿಗ್ರಾಂ ಎಂದು ಪೋಷಣ ಸಂಸ್ಥೆಯ ಹಳೆಯ ಕೋಷ್ಟಕ ಹೇಳುತ್ತದೆ. ಆದರೆ ಮಗುವಿನ ಒಂದು ಬಟ್ಟಲಿಗೆ ಹಿಡಿಸುವುದು 25 ಗ್ರಾಂ ಹಿಟ್ಟು. ಸಿಗುವುದು 86 ಮಿಲಿಗ್ರಾಂ. ಎಳ್ಳಿನ ಪುಡಿ, ಸೊಪ್ಪು ಜೊತೆಗೂಡಬೇಕು. ಹಾಲನ್ನೂ ಬಿಟ್ಟ ಶಾಕಾಹಾರಿ ಮನೆಯ ಮಗುವಿಗೆ ಬಿ-12 ಜೀವಸತ್ವ ಕಾಳುಬೇಳೆಗಳಿಂದ ಸಿಗದು. ಅದಕ್ಕೂ ಡಿ ಜೀವಸತ್ವಕ್ಕೂ ವೈದ್ಯರ ಸಲಹೆ ಪಡೆಯಲೇಬೇಕು.

ಹಾಲು ಉತ್ತಮ ಆಹಾರವೆಂಬುದರಲ್ಲಿ ಎರಡು ಮಾತಿಲ್ಲ. ಅದು ಒಗ್ಗುವ ಮಕ್ಕಳು ಸುಖವಾಗಿ ಕುಡಿಯಲಿ. ಒಗ್ಗದ ಮಗುವಿನ ತಾಯಿ ಮಾತ್ರ ತನ್ನ ಮಗುವಿಗೆ ಏನೋ ಕೊರೆಯಾಯಿತೆಂದು ಕೊರಗಬೇಕಾಗಿಲ್ಲ. ಆಕೆಯ ಬೆನ್ನಿಗೆ ಮೈಸೂರಿನ ಸಂಶೋಧನೆಯಿದೆ, ಹೈದರಾಬಾದಿನ ಅಳತೆಯಿದೆ, ಅವೆರಡಕ್ಕಿಂತ ಮೊದಲೇ ತೆಳುಬಟ್ಟೆಯಲ್ಲಿ ಹಿಟ್ಟು ಶೋಧಿಸಿದ ಎಷ್ಟೋ ತಲೆಮಾರಿನ ಕೈಗಳಿವೆ. ಈ ವಿದ್ಯೆ ಬಲ್ಲ ಹಿರಿಯರು ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಇನ್ನೂ ಇದ್ದಾರೆ. ಮುಂದಿನ ಸಲ ಕಾರ್ಯಕ್ರಮಕ್ಕೆ ಬಂದಾಗ ಎಳೆಯ ತಾಯಂದಿರು ಅವರ ಪಕ್ಕ ಕುಳಿತು ಸರಿಹಿಟ್ಟಿನ ಹದವನ್ನು ಕೇಳಿ ತಿಳಿದುಕೊಳ್ಳಲಿ.