ತರಕಾರಿಯ ರಸ ಮತ್ತು ರಕ್ತದೊತ್ತಡ: ನೈಟ್ರೇಟಿನ ವಿಚಾರದ ಇತಿಹಾಸ

ಹಣ್ಣು ತರಕಾರಿಗಳ ರಸವು ದೇಹಕ್ಕೆ ಹಿತವೆಂಬ ನಂಬಿಕೆ ಬಹು ಹಳೆಯದು. ಆದರೆ ಯಾವ ರಸ, ಅದರಲ್ಲಿನ ಯಾವ ದ್ರವ್ಯ, ಯಾವ ಮಾರ್ಗವಾಗಿ ರಕ್ತದೊತ್ತಡವನ್ನೂ ವ್ಯಾಯಾಮಶಕ್ತಿಯನ್ನೂ ಮಾರ್ಪಡಿಸುತ್ತದೆ ಎಂಬ ಪ್ರಶ್ನೆಗೆ ಪ್ರಯೋಗಸಿದ್ಧವಾದ ಉತ್ತರಗಳಲ್ಲಿ ಮುಖ್ಯವಾದುದು ದೊರೆತದ್ದು ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ. ಆ ಉತ್ತರದ ಕೇಂದ್ರದಲ್ಲಿರುವುದು ಬೀಟ್‌ರೂಟಿನ ರಸದೊಳಗಿನ ನೈಟ್ರೇಟು. ಆಹಾರದ ದೋಷವೆಂದು ಎಣಿಸಲ್ಪಟ್ಟಿದ್ದ ಈ ಲವಣವು ಉಪಕಾರಿಯೆನಿಸಿಕೊಂಡ ಬಗೆಯನ್ನು ನಾವಿಲ್ಲಿ ಪರಿಶೀಲಿಸುತ್ತೇವೆ.

ಈ ಇತಿಹಾಸದ ಮೊದಲ ಎಳೆ ವೈದ್ಯಶಾಲೆಯದು. ಎಡಿನ್‌ಬರೋ ನಗರದಲ್ಲಿ ಲಾಡರ್ ಬ್ರಂಟನ್ ಎಂಬ ತರುಣ ವೈದ್ಯನು ಹೃದಯಶೂಲೆಯ ಸಮಯದಲ್ಲಿ ನಾಡಿಯ ಒತ್ತಡ ಏರುವುದನ್ನು ಗಮನಿಸಿದನು. ಒತ್ತಡವನ್ನಿಳಿಸುವ ಅಮೈಲ್ ನೈಟ್ರೈಟನ್ನು ಮೂಸಲು ಕೊಟ್ಟಾಗ ನೋವು ಶಮನವಾಯಿತು. 1867ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದನು. 1879ರಲ್ಲಿ ವಿಲಿಯಂ ಮರೆಲ್ ಇದೇ ರೋಗಕ್ಕೆ ನೈಟ್ರೊಗ್ಲಿಸರಿನ್ನನ್ನು ಸೂಚಿಸಿದನು. ಔಷಧವು ಫಲಿಸುತ್ತಿತ್ತು, ಏಕೆ ಫಲಿಸುತ್ತದೆಂಬುದು ಮಾತ್ರ ಸುಮಾರು ನೂರು ವರ್ಷ ತಿಳಿಯಲಿಲ್ಲ.

ಎರಡನೆಯ ಎಳೆ ಭಯದ್ದು. 1945ರಲ್ಲಿ ಅಮೆರಿಕದ ಅಯೊವಾ ಪ್ರಾಂತದಲ್ಲಿ, ನೈಟ್ರೇಟು ಹೆಚ್ಚಾಗಿದ್ದ ಬಾವಿಯ ನೀರಿನಿಂದ ಹಸುಗೂಸುಗಳ ಮೈ ನೀಲಿಗಟ್ಟಿದುದು ವರದಿಯಾಯಿತು. 1956ರಲ್ಲಿ ಇಂಗ್ಲೆಂಡಿನ ಮಗೀ ಮತ್ತು ಬಾರ್ನ್ಸ್ ಎಂಬ ಸಂಶೋಧಕರು ಒಂದು ಬಗೆಯ ನೈಟ್ರೊಸಮೀನು ಇಲಿಗಳ ಯಕೃತ್ತಿನಲ್ಲಿ ಅರ್ಬುದವನ್ನುಂಟುಮಾಡುವುದೆಂದು ತೋರಿಸಿದರು. ನೈಟ್ರೇಟಿನಿಂದ ನೈಟ್ರೈಟು, ನೈಟ್ರೈಟಿನಿಂದ ನೈಟ್ರೊಸಮೀನು ಹುಟ್ಟಬಲ್ಲುದಾದುದರಿಂದ, ಕುಡಿಯುವ ನೀರಿನಲ್ಲಿಯೂ ಆಹಾರದಲ್ಲಿಯೂ ನೈಟ್ರೇಟಿಗೆ ಮಿತಿಗಳು ಏರ್ಪಟ್ಟವು. ಹಿತಕರವೆಂದು ಎಲ್ಲರೂ ಒಪ್ಪಿದ ಸೊಪ್ಪು ತರಕಾರಿಗಳೇ ನಮ್ಮ ಊಟದ ನೈಟ್ರೇಟಿನ ಬಹುಭಾಗವನ್ನು ಒದಗಿಸುತ್ತವೆಂಬ ವಿರೋಧಾಭಾಸ ಹಾಗೆಯೇ ಉಳಿಯಿತು.

ಮೂರನೆಯ ಎಳೆ ಶರೀರಶಾಸ್ತ್ರದ್ದು. ನೈಟ್ರೊಗ್ಲಿಸರಿನ್ನು ನೈಟ್ರಿಕ್ ಆಕ್ಸೈಡನ್ನು ಬಿಡುಗಡೆ ಮಾಡುವುದೆಂದು ಮ್ಯುರಾಡ್ 1977ರಲ್ಲಿ ಕಂಡುಕೊಂಡನು. ರಕ್ತನಾಳದ ಒಳಪೊರೆಯೇ ನಾಳವನ್ನು ಸಡಿಲಿಸುವ ದ್ರವ್ಯವನ್ನು ಸ್ರವಿಸುವುದೆಂದು 1980ರಲ್ಲಿ ಫರ್ಚ್‌ಗಾಟ್ ಸಾಧಿಸಿದನು. ಆ ದ್ರವ್ಯವೂ ನೈಟ್ರಿಕ್ ಆಕ್ಸೈಡೇ ಎಂಬುದು 1987ರ ವೇಳೆಗೆ ಸ್ಥಿರಪಟ್ಟಿತು. 1998ರಲ್ಲಿ ಇವರಿಬ್ಬರಿಗೂ ಇಗ್ನಾರೋಗೂ ನೊಬೆಲ್ ಪಾರಿತೋಷಕ ಸಂದಿತು.

ಈ ಎಳೆಗಳನ್ನು ಬೆಸೆದುದು ಜೊಲ್ಲಿನ ವಿಚಾರ. ಹೀರಲ್ಪಟ್ಟ ನೈಟ್ರೇಟಿನ ಒಂದು ಭಾಗ ಜೊಲ್ಲಿನೊಡನೆ ಬಾಯಿಗೆ ಮರಳುತ್ತದೆ. ನಾಲಗೆಯ ಮೇಲಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿಸುತ್ತವೆ. ನುಂಗಿದ ನೈಟ್ರೈಟು ಜಠರದ ಆಮ್ಲದಲ್ಲಿ ನೈಟ್ರಿಕ್ ಆಕ್ಸೈಡಾಗುತ್ತದೆ. ಜಠರದಲ್ಲಿ ನಡೆಯುವ ಈ ಕ್ರಿಯೆಯನ್ನು 1994ರಲ್ಲಿ ಸ್ವೀಡನ್ನಿನ ಹಾಗೂ ಬ್ರಿಟನ್ನಿನ ಎರಡು ತಂಡಗಳು ಬೇರೆಬೇರೆಯಾಗಿ ವರದಿ ಮಾಡಿದವು.

ಇನ್ನುಳಿದುದು ಮನುಷ್ಯರಲ್ಲಿ ಪರೀಕ್ಷೆ. 2008ರಲ್ಲಿ ಲಂಡನ್ನಿನ ತಂಡವು ಆರೋಗ್ಯವಂತರಿಗೆ 500 ಮಿಲಿಲೀಟರ್ ಬೀಟ್‌ರೂಟ್ ರಸ ಕುಡಿಸಿದಾಗ, ಮೇಲಿನ ಒತ್ತಡ ಕೆಲವೇ ಗಂಟೆಗಳಲ್ಲಿ ಸುಮಾರು 10 ಮಿಲಿಮೀಟರ್ ಇಳಿಯಿತು. ಜೊಲ್ಲನ್ನು ನುಂಗದೆ ಉಗುಳಿದವರಲ್ಲಿ ಈ ಇಳಿತ ಕಾಣಲಿಲ್ಲ. ಬಾಯಿಯ ಮಾರ್ಗವು ಅನಿವಾರ್ಯವೆಂಬುದಕ್ಕೆ ಇದಕ್ಕಿಂತ ಸರಳವಾದ ಪ್ರಮಾಣ ಬೇಕಿಲ್ಲ. 2009ರಲ್ಲಿ ಎಕ್ಸೆಟರ್ ವಿಶ್ವವಿದ್ಯಾನಿಲಯದಲ್ಲಿ ಎಂಟು ಮಂದಿ ಪುರುಷರು ಆರು ದಿನ ಈ ರಸವನ್ನು ಸೇವಿಸಿ ಸೈಕಲ್ ಯಂತ್ರ ತುಳಿದರು. ಮಿತಶ್ರಮಕ್ಕೆ ಬೇಕಾದ ಆಮ್ಲಜನಕ ಕಡಿಮೆಯಾಯಿತು. ತೀವ್ರಶ್ರಮದಲ್ಲಿ ಬಳಲಿ ನಿಲ್ಲುವವರೆಗಿನ ಕಾಲ ಸರಾಸರಿ 583 ಸೆಕೆಂಡುಗಳಿಂದ 675ಕ್ಕೆ ಏರಿತು. ಫಲಕ್ಕೆ ಕಾರಣ ನೈಟ್ರೇಟೋ ರಸದ ಬೇರೊಂದು ಅಂಶವೋ ಎಂಬ ಸಂದೇಹವನ್ನು, ನೈಟ್ರೇಟನ್ನು ಮಾತ್ರ ತೆಗೆದ ಬೀಟ್‌ರೂಟ್ ರಸದೊಡನೆ ಹೋಲಿಸಿ 2011ರಲ್ಲಿ ಪರಿಹರಿಸಲಾಯಿತು.

ಆದರೂ ಫಲಿತಾಂಶಗಳ ಎಲ್ಲೆಯನ್ನು ಮರೆಯಲಾಗದು. ಪರೀಕ್ಷೆಗೊಳಗಾದವರ ಸಂಖ್ಯೆ ಅಲ್ಪ; ಚೆನ್ನಾಗಿ ಪಳಗಿದ ಕ್ರೀಡಾಪಟುಗಳಲ್ಲಿ ಲಾಭ ಕಡಿಮೆ. 2015ರಲ್ಲಿ ಪ್ರಕಟವಾದ, 68 ಮಂದಿ ರೋಗಿಗಳ ನಾಲ್ಕು ವಾರಗಳ ಪ್ರಯೋಗದಲ್ಲಿ ಒತ್ತಡ ಇಳಿದುದು ನಿಜ. ಅದು ದೀರ್ಘಕಾಲದ ಚಿಕಿತ್ಸೆಯ ಪ್ರಮಾಣವಲ್ಲ. ಅಲ್ಲದೆ ಒಂದು ರಸದ ಗುಣವನ್ನು ಇನ್ನೊಂದಕ್ಕೆ ಆರೋಪಿಸಬಾರದು. ಚಕ್ಕೋತದ ಬಂಧುವಾದ ಗ್ರೇಪ್‌ಫ್ರೂಟಿನ ರಸವು ರಕ್ತದೊತ್ತಡದ ಔಷಧವಾದ ಫೆಲೋಡಿಪಿನ್ನಿನ ಪ್ರಮಾಣವನ್ನು ರಕ್ತದಲ್ಲಿ ಬಹುವಾಗಿ ಏರಿಸುವುದೆಂದು ಕೆನಡಾದಲ್ಲಿ 1989ರಲ್ಲಿ ಆಕಸ್ಮಿಕವಾಗಿ ತಿಳಿಯಿತು. ಅಲ್ಲಿ ರಸವು ಒತ್ತಡವನ್ನು ತಾನಾಗಿ ಇಳಿಸುವುದಲ್ಲ. ಔಷಧವನ್ನು ಕರುಳಿನಲ್ಲಿ ಒಡೆಯುವ ಕಿಣ್ವವನ್ನು ತಡೆದು ಅಪಾಯವನ್ನು ತರಬಲ್ಲುದು.

ಹೀಗೆ ಹೃದಯವೈದ್ಯ, ಆಹಾರಪರೀಕ್ಷಕ, ಶರೀರಶಾಸ್ತ್ರಜ್ಞ ಇವರು ಒಂದೇ ಬಗೆಯ ದ್ರವ್ಯವನ್ನು ಬಹುಕಾಲ ಬೇರೆಬೇರೆಯಾಗಿ ಕಂಡರು. ಕೂಸಿಗೆ ಬಾವಿಯ ನೀರಿನಲ್ಲಿ ವಿಷವಾದದ್ದು ವಯಸ್ಕನಿಗೆ ತರಕಾರಿಯಲ್ಲಿ ಹಿತವಾಗಬಹುದು. ದ್ರವ್ಯದ ಹೆಸರಿನಿಂದಲೇ ಗುಣದೋಷಗಳನ್ನು ನಿರ್ಣಯಿಸದೆ, ಪ್ರಮಾಣ, ಮಾರ್ಗ, ದೇಹಸ್ಥಿತಿ ಈ ಮೂರನ್ನೂ ಕೂಡಿಸಿ ವಿಚಾರಿಸಬೇಕೆಂಬುದೇ ಈ ಇತಿಹಾಸದಿಂದ ನಾವು ಪಡೆಯಬಹುದಾದ ತಿಳಿವು.