ಏನೂ ಇಲ್ಲದ ಬಯಲು

ಕುಂದಗೋಳದ ಎರಿ ಹೊಲದಲ್ಲಿ ನಿಂತರೆ ಕಾಣುವುದು ಎರಡೇ: ಕೆಳಗೆ ಕಪ್ಪು ನೆಲ, ಮೇಲೆ ಆಕಾಶ. ಹೊರಗಿನಿಂದ ಬಂದ ಗೆಳೆಯರು "ನಿಮ್ಮೂರಾಗ ನೋಡಾಕ ಏನೈತಿ?" ಎಂದು ಕೇಳಿದಾಗಲೆಲ್ಲ ನಾನು ಸವಾಯಿ ಗಂಧರ್ವರ ಹೆಸರು ಹೇಳಿ ನಾಡಿಗೇರ ವಾಡೆಯ ಕಡೆಗೆ ಕರೆದೊಯ್ಯುತ್ತಿದ್ದೆ. ಹೊಲವನ್ನು ತೋರಿಸಬೇಕೆಂದು ಯಾವತ್ತೂ ಅನಿಸಿರಲಿಲ್ಲ. ಅದು ತಪ್ಪೆಂದು ನನಗೆ ಮನವರಿಕೆ ಮಾಡಿಕೊಟ್ಟವನು ಅಮೆರಿಕದ ಒಬ್ಬ ಚಿತ್ರಕಾರ. ಅವನು ಬರೆದದ್ದು ಕಡಲಂಚಿನ ಉಪ್ಪುನೀರಿನ ಜೌಗು.

ಮಾರ್ಟಿನ್ ಜಾನ್ಸನ್ ಹೀಡ್ (1819–1904) ಜೌಗಿನ ಚಿತ್ರಗಳನ್ನು ಆರಂಭಿಸಿದ್ದು 1850ರ ದಶಕದ ಕೊನೆಯಲ್ಲಿ. ಆಗ ಅಲ್ಲಿ ನಿಸರ್ಗಚಿತ್ರವೆಂದರೆ ಪರ್ವತ, ಕಾಡು, ಜಲಪಾತ. 1857ರಲ್ಲಿ ಫ್ರೆಡರಿಕ್ ಚರ್ಚ್ ಬರೆದ ನಯಾಗರ ಜಲಪಾತದ ದೊಡ್ಡ ಚಿತ್ರವನ್ನು ನೋಡಲು ಜನ ದುಡ್ಡು ಕೊಟ್ಟು ಮುಗಿಬಿದ್ದಿದ್ದರು. ಹೀಡ್ ಅದೇ ಚರ್ಚ್‌ನ ಗೆಳೆಯ. ಆದರೆ ಅವನು ನ್ಯೂಬರಿಪೋರ್ಟ್, ರೌಲಿ, ನ್ಯೂಜರ್ಸಿಗಳ ಚಪ್ಪಟೆ ಜೌಗಿಗೆ ಹೋಗಿ, ಉದ್ದಕ್ಕಿಂತ ಎತ್ತರ ಬಹಳ ಕಡಿಮೆಯಿರುವ ಸಣ್ಣ ಕ್ಯಾನ್ವಾಸುಗಳ ಮೇಲೆ ಹೆಚ್ಚುಕಡಿಮೆ ಒಂದೇ ನೋಟವನ್ನು ನೂರಕ್ಕೂ ಹೆಚ್ಚು ಸಲ ಬರೆದ. ಕೆಳಗಿಳಿದ ದಿಗಂತ, ಅಂಕುಡೊಂಕಾದ ಕಾಲುವೆ, ಒಂದಷ್ಟು ಹುಲ್ಲಿನ ಬಣವೆ. ಬದಲಾಗುವುದು ಬೆಳಕು ಮಾತ್ರ: ಬೆಳಗಿನ ಮಂಜು, ಮಳೆ ನಿಂತ ಗಳಿಗೆ, ಮುಳುಗುವ ಸೂರ್ಯ. ಕ್ಲಾದ್ ಮೋನೆಯ ಪ್ರಸಿದ್ಧ ಬಣವೆಗಳು ಬರುವುದು ಇದಾಗಿ ಮೂವತ್ತು ವರ್ಷಗಳ ನಂತರ, 1890–91ರಲ್ಲಿ. ರಾಗ ಒಂದೇ ಇದ್ದರೂ ಪ್ರತಿ ಸಲದ ಹಾಡಿಕೆ ಬೇರೆ ಎಂಬುದನ್ನು ಬಲ್ಲ ನಮ್ಮ ಕಡೆಯ ಕೇಳುಗರಿಗೆ ಈ ಹಟ ಅರ್ಥವಾಗದೇ ಇರದು.

ಆ ಬಣವೆಗಳನ್ನು ಸರಿಯಾಗಿ ನೋಡಬೇಕು. ಅವು ನೆಲದ ಮೇಲಿಲ್ಲ, ಮರದ ಗೂಟಗಳ ಮೇಲೆ ನಿಂತಿವೆ. ಉಬ್ಬರದ ನೀರು ಬಂದರೆ ಹುಲ್ಲು ತೇಲಿಹೋಗಬಾರದೆಂದು ರೈತರು ಮಾಡಿಕೊಂಡ ಉಪಾಯ ಅದು. ಅಂದರೆ ಹೀಡ್ ಬರೆದದ್ದು ಖಾಲಿ ಜಾಗವನ್ನಲ್ಲ, ದುಡಿಮೆಯ ಜಾಗವನ್ನು.

ಇದನ್ನು ಓದಿಕೊಂಡ ಮೇಲೆ ನಾನು ಕುಮಟಾ ಕಡೆಗೆ ಹೋಗಿ ಅಘನಾಶಿನಿಯ ಗಜನಿಗಳನ್ನು ನೋಡಿದೆ. ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ಗದ್ದೆಗಳವು. ಮಳೆ ಬಂದು ನೆಲದ ಉಪ್ಪು ತೊಳೆದುಹೋಗುವ ಹೊತ್ತಿಗೆ ಕಗ್ಗ ಭತ್ತ. ಅದು ಉಪ್ಪನ್ನೂ ತಾಳುತ್ತದೆ, ನೆರೆಯಲ್ಲಿ ಮುಳುಗಿದರೂ ಬದುಕುತ್ತದೆ. ಕೊಯ್ಲಾದ ಮೇಲೆ ತೂಬಿನ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಗೆ ಬಿಟ್ಟರೆ ಅದೇ ಗದ್ದೆ ಮೀನು, ಸಿಗಡಿಯ ಕೆರೆ. ಅನತಿ ದೂರದಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರ. ಸಂಜೆ ಐದಕ್ಕೆ ಬೆಳ್ಳಿಯಂತಿದ್ದ ನೀರು ಆರಕ್ಕೆ ತಾಮ್ರವಾಗಿ, ಆರೂವರೆಗೆ ನಮ್ಮ ಎರಿ ನೆಲದ ಹಾಗೆ ಕಪ್ಪಾಯಿತು.

ಕನ್ನಡ ನಾಡಿನ ನಿಸರ್ಗಚಿತ್ರವೆಂದರೆ ಮೊದಲು ನೆನಪಾಗುವವರು ಕೆ. ವೆಂಕಟಪ್ಪ (1886–1965). ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಬಳಿ ಕಲಿತು ಬಂದ ಅವರು 1920ರ ದಶಕದಲ್ಲಿ ಊಟಿಯ ಮಂಜು, ಮೋಡ, ಬೆಳಕುಗಳನ್ನು ಜಲವರ್ಣದಲ್ಲಿ ಹಿಡಿದರು. ಬೆಳಕಿಗಾಗಿ ಕಾಯುವ ತಾಳ್ಮೆ ಅವರಲ್ಲಿಯೂ ಇತ್ತು. ಆದರೆ ಅವರನ್ನು ಕರೆದದ್ದು ಬೆಟ್ಟ. ನಮ್ಮ ಕ್ಯಾಲೆಂಡರು, ಪಠ್ಯಪುಸ್ತಕಗಳ 'ಸುಂದರ ದೃಶ್ಯ' ಕೂಡ ಇವತ್ತಿಗೂ ಬೆಟ್ಟ, ಜಲಪಾತ, ತೆಂಗಿನ ಸಾಲು. ಚಪ್ಪಟೆ ನೆಲಕ್ಕೆ ಅಲ್ಲಿ ಜಾಗ ಸಿಗುವುದು ಅಪರೂಪ.

ಇದು ಬರೀ ಅಭಿರುಚಿಯ ಪ್ರಶ್ನೆಯಲ್ಲ. ನೋಡಲು ಏನೂ ಇಲ್ಲ ಎನಿಸಿಕೊಂಡ ನೆಲ ಬಹಳ ಬೇಗ 'ಬಂಜರು' ಎನಿಸಿಕೊಳ್ಳುತ್ತದೆ. ಬಂಜರನ್ನು ಯಾವುದಕ್ಕೆ ಬೇಕಾದರೂ ತುಂಬಬಹುದು. ಹೀಡ್ ಬರೆದ ಜೌಗುಗಳಲ್ಲಿ ನ್ಯೂವಾರ್ಕ್ ಪಕ್ಕದ ಬಯಲೂ ಒಂದು. ಆ ಜೌಗಿನ ಒಂದು ಭಾಗವನ್ನು ತುಂಬಿ 1928ರಲ್ಲಿ ವಿಮಾನ ನಿಲ್ದಾಣ ತೆರೆದರು. ಚಿತ್ರ ನೆಲವನ್ನು ಉಳಿಸಲಿಲ್ಲ. ಹೀಡ್‌ನ ಹೆಸರೂ ಉಳಿದಿರಲಿಲ್ಲ; ಸತ್ತ ಮೇಲೆ ಮರೆತುಹೋದ ಅವನನ್ನು ಮತ್ತೆ ಹುಡುಕಿಕೊಂಡದ್ದು 1940ರ ದಶಕದಲ್ಲಿ.

ಹಾಗಾದರೆ ಚಿತ್ರದಿಂದ ಏನಾಯಿತು? ಹೀಡ್‌ನದೇ ಒಂದು ವಿಚಿತ್ರ ಚಿತ್ರವಿದೆ. ಸ್ಟುಡಿಯೋದಲ್ಲಿ ಜೌಗಿನ ಚಿತ್ರವೊಂದನ್ನು ಒರಗಿಸಿಟ್ಟಿದ್ದಾರೆ. ಅದರ ಕೆಳ ಅಂಚಿನಿಂದ ಜೌಗಿನ ನೀರು ನೆಲಕ್ಕೆ ಸೋರುತ್ತಿದೆ, ಕೆಳಗೊಂದು ಕುಳ್ಳ ಭೂತ ಕುಣಿಯುತ್ತಿದೆ. ತಮಾಷೆಗೇ ಬರೆದಿರಬಹುದು. ನನಗೆ ಮಾತ್ರ ಅದು ಸಾಕ್ಷಿ ಹೇಳಿದಂತೆ ಕಾಣುತ್ತದೆ. ನೆಲ ಹೋದಮೇಲೂ ನೀರು ಚೌಕಟ್ಟಿನಾಚೆಗೆ ಸೋರುತ್ತಲೇ ಇರುತ್ತದೆ. ಅಲ್ಲಿ ಏನೂ ಇರಲಿಲ್ಲ ಎಂದು ಹೇಳಲು ಯಾರಿಗೂ ಬಿಡುವುದಿಲ್ಲ.

2024ರ ಜನವರಿಯಲ್ಲಿ ಅಘನಾಶಿನಿಯ 4,801 ಹೆಕ್ಟೇರ್ ಅಳಿವೆ ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ಘೋಷಣೆಯಲ್ಲಿ ನಮ್ಮ ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಇತ್ತು. ಪಟ್ಟಿ ಒಳ್ಳೆಯದೇ. ಆದರೆ ಪಟ್ಟಿಯಲ್ಲಿ ಹೆಕ್ಟೇರುಗಳಿರುತ್ತವೆ. ಒಡ್ಡು ಕಾಯುವವರು, ಕಗ್ಗ ಬಿತ್ತುವವರು, ಸಂಜೆಯ ಬಣ್ಣ ಇರುವುದಿಲ್ಲ. ಅವನ್ನು ಬರೆಯುವ ಕೆಲಸ ಬೇರೆಯವರದು.

ಈ ಸಲ ಊರಿಗೆ ಗೆಳೆಯರು ಬಂದರೆ ವಾಡೆಗೆ ಆಮೇಲೆ ಹೋಗೋಣ ಎನ್ನುತ್ತೇನೆ. ಮೊದಲು ಹೊಲಕ್ಕೆ, ಅದೂ ಎರಡು ಸಲ: ನಡು ಮಧ್ಯಾಹ್ನ ಒಮ್ಮೆ, ಹೊತ್ತು ಮುಳುಗುವಾಗ ಇನ್ನೊಮ್ಮೆ.