ವಿಳಿಂಜಕ್ಕೆ ಹೊರಡುವ ಮುನ್ನ

ಈ ಸಲದ ಪ್ರವಾಸ ಎಲ್ಲಿಗೆಂಬ ಮಾತು ಬಂದಾಗ ಕೊಚ್ಚಿಯ ನಮ್ಮ ಕೂಟದಲ್ಲಿ ಹೆಚ್ಚಿನವರು ಕೋವಳಂ ಎಂದರು. ಎಣ್ಣೆಯ ಅಭ್ಯಂಗ, ಬಿಸಿನೀರಿನ ಸ್ನಾನ, ಎರಡು ದಿನ ಕಡಲ ದಡದಲ್ಲಿ ವಿಶ್ರಾಂತಿ: ದುಡಿದು ದಣಿದವರು ಬೇರೇನು ಬಯಸಿಯಾರು? ನಾವು ಮೂರು ನಾಲ್ಕು ಮಂದಿ ಮಾತ್ರ ಅಲ್ಲಿಂದ ದಕ್ಷಿಣಕ್ಕೆ ಸುಮಾರು ಮೂರು ಕಿಲೋಮೀಟರು ದೂರದ ವಿಳಿಂಜಂನ ಹೆಸರೆತ್ತಿದೆವು. ‘ಅಲ್ಲೇನಿದೆ, ಬಂದರು ತಾನೆ?’ ಎಂದು ಹಿರಿಯರೊಬ್ಬರು ಕೇಳಿದರು. ಆ ಪ್ರಶ್ನೆಗೆ ಅಂದು ಸರಿಯಾದ ಉತ್ತರ ನಮ್ಮ ಬಳಿ ಇರಲಿಲ್ಲ. ಆಮೇಲೆ ಓದಿ ಕಲೆಹಾಕಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಸ್ನಾನವೂ ಇತಿಹಾಸವೂ ಒಂದೇ ಊರಿನಲ್ಲಿ ಸಿಗುವುದು ಅಪೂರ್ವವೇನಲ್ಲ. ಹಂಗೇರಿಯ ಎಗರ್ ಎಂಬ ಪಟ್ಟಣದ ಕೋಟೆಯು 1552ರಲ್ಲಿ ತುರ್ಕರ ಮುತ್ತಿಗೆಯನ್ನು ತಡೆದು ನಿಂತಿತು, 1596ರಲ್ಲಿ ಸೋತಿತು. ಗೆದ್ದವರು ಅಲ್ಲಿ ಕಟ್ಟಿಸಿದ ಸ್ನಾನಗೃಹದಲ್ಲಿ ಜನ ಇಂದಿಗೂ ಮೀಯುತ್ತಾರೆ. ಅಲ್ಲಿ ಕೋಟೆಯೂ ಉಳಿದಿದೆ, ಕೊಳವೂ ಉಳಿದಿದೆ. ನಮ್ಮಲ್ಲಿ ಕೋವಳಂನ ಸ್ನಾನ ಪ್ರಸಿದ್ಧವಾಯಿತು, ಪಕ್ಕದ ರಾಜಧಾನಿ ಮರೆತುಹೋಯಿತು.

ಮೊದಲು ಹೆಸರಿನ ಮಾತು. ನಾವು ‘ಳ’ ಬರೆದು ಸುಮ್ಮನಾಗುತ್ತೇವೆ. ಮಲಯಾಳಿಗಳ ಬಾಯಲ್ಲಿ ಅದು ಬೇರೆಯೇ ಧ್ವನಿ. ನಮ್ಮ ಹಳಗನ್ನಡದ ೞಕಾರ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳೆಂದು ಇವನ್ನು ಬೇರ್ಪಡಿಸಿ ತೋರಿಸುವ ಹೊತ್ತಿಗೆ ಜನರ ನಾಲಿಗೆಯಿಂದ ಆ ಅಕ್ಷರ ಜಾರಿಹೋಗಿತ್ತು. ಕೇರಳದ ಬಸ್ಸಿನಲ್ಲಿ ಕಂಡಕ್ಟರನು ಊರಿನ ಹೆಸರು ಕೂಗಿದಾಗ ನಾವು ಕಳೆದುಕೊಂಡದ್ದು ಕಿವಿಗೆ ಬೀಳುತ್ತದೆ.

ವಿಳಿಂಜಂ ಆಯ್ ಅರಸರ ಊರು. ಟಾಲೆಮಿಯ ಭೂವಿವರಣೆಯಲ್ಲೂ ಸಂಗಂ ಕಾಲದ ತಮಿಳು ಕಾವ್ಯಗಳಲ್ಲೂ ಕಾಣಿಸುವ ಈ ಮನೆತನ ಉತ್ತರದ ಚೇರರಿಗೂ ಪೂರ್ವದ ಪಾಂಡ್ಯರಿಗೂ ನಡುವೆ ಸಿಕ್ಕಿಕೊಂಡೇ ಬಾಳಿತು. ಎಂಟನೆಯ ಶತಮಾನದ ಕೊನೆಯಲ್ಲಿ ಪಾಂಡ್ಯ ನೆಡುಂಜಡೈಯನು ವಿಳಿಂಜವನ್ನು ಹಾಳುಗೆಡವಿದನು. ಅವನ ತಾಮ್ರಶಾಸನವು ಆ ಊರಿಗೆ ಕಡಲೇ ಕಂದಕವಾಗಿತ್ತು, ಗೋಡೆಗಳು ಎತ್ತರವಾಗಿದ್ದವು ಎಂದು ವರ್ಣಿಸುತ್ತದೆ. ಗೆದ್ದವನು ತನ್ನ ಹಿರಿಮೆಗಾಗಿ ಸೋತವನ ಕೋಟೆಯನ್ನು ದೊಡ್ಡದು ಮಾಡಿ ಬರೆಸುವುದುಂಟು. ಹಾಗಿದ್ದರೂ ಕೇರಳ ವಿಶ್ವವಿದ್ಯಾಲಯದ ಪುರಾತತ್ತ್ವ ವಿಭಾಗದವರು ಅಗೆದಾಗ ಕೋಟೆಯ ಕುರುಹುಗಳೂ ಪಶ್ಚಿಮ ಏಷ್ಯ ಹಾಗೂ ಚೀನದ ಮಡಕೆ ಚೂರುಗಳೂ ಸಿಕ್ಕಿವೆ. ಆದ್ದರಿಂದ ಶಾಸನವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

ಸೋತ ಮೇಲೂ ಆಯ್‌ಗಳು ಅಳಿಯಲಿಲ್ಲ. ಕರುನಂದಡಕ್ಕನ್ ಎಂಬ ಅರಸನು 866ರಲ್ಲಿ ಪಾರ್ಥಿವಪುರದಲ್ಲಿ ದೇಗುಲವನ್ನೂ ಅದರೊಡನೆ ಒಂದು ಶಾಲೆಯನ್ನೂ ಸ್ಥಾಪಿಸಿದನು. ಆ ಊರು ಈಗ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯಲ್ಲಿದೆ. ಶಾಲೆಯಲ್ಲಿ 95 ವಿದ್ಯಾರ್ಥಿಗಳಿಗೆ ಸ್ಥಾನವಿತ್ತು. ಯಾವ ವೇದಶಾಖೆಯವರು ಎಷ್ಟು ಎಂಬ ಲೆಕ್ಕವೂ ಶಾಸನದಲ್ಲಿದೆ. ಅವನ ನಂತರ ಆಳಿದ ವಿಕ್ರಮಾದಿತ್ಯ ವರಗುಣನು ಶ್ರೀಮೂಲವಾಸದ ಬೌದ್ಧ ವಿಹಾರಕ್ಕೆ ಭೂಮಿ ಬಿಟ್ಟದ್ದನ್ನು ಪಾಲಿಯಂ ತಾಮ್ರಪಟ ತಿಳಿಸುತ್ತದೆ. ಅಗ್ರಹಾರ, ಘಟಿಕಾಸ್ಥಾನಗಳ ಶಾಸನಗಳನ್ನು ಓದಿ ಬೆಳೆದ ಕನ್ನಡಿಗರಿಗೆ ಈ ವಿವರಗಳು ಅಪರಿಚಿತ ಎನಿಸಲಾರವು.

ಪಾರ್ಥಿವಪುರದ ಶಾಲೆಗೆ ಮಾದರಿಯಾದದ್ದು ಕಾಂದಳೂರ್ ಶಾಲೆ. ‘ಕಾಂದಳೂರ್ ಶಾಲೆಯಲ್ಲಿ ಕಲಂ ಅಱುತ್ತ’ನೆಂಬುದು ಚೋಳ ರಾಜರಾಜನ ಶಾಸನಗಳು ಮತ್ತೆ ಮತ್ತೆ ಹೇಳುವ ಮಾತು. ತಮಿಳಿನ ‘ಕಲಂ’ ಪದಕ್ಕೆ ಹಡಗು ಎಂಬ ಅರ್ಥವೂ ಇದೆ, ಪಾತ್ರೆ ಎಂಬ ಅರ್ಥವೂ ಇದೆ. ರಾಜರಾಜನು ಹಡಗುಗಳನ್ನು ನಾಶಮಾಡಿದನೋ ಅಥವಾ ಶಾಲೆಯ ಅನ್ನದ ಪಾಲನ್ನು ಕಟ್ಟುಮಾಡಿದನೋ ಎಂದು ವಿದ್ವಾಂಸರು ತಲೆಮಾರುಗಳಿಂದ ವಾದಿಸುತ್ತಿದ್ದಾರೆ. ಶಾಲೆ ಇದ್ದದ್ದು ವಿಳಿಂಜಂ ಬಳಿಯೋ ತಿರುವನಂತಪುರದ ವಲಿಯಶಾಲೆಯೋ ಎಂಬುದೂ ತೀರ್ಮಾನವಾಗಿಲ್ಲ. ನಮ್ಮ ಒಲವು ಹಡಗಿನ ಕಡೆಗೆ; ಬರೀ ಊಟದ ಲೆಕ್ಕವನ್ನು ಯಾವ ಅರಸನು ಇಷ್ಟು ಹೆಮ್ಮೆಯಿಂದ ಕೆತ್ತಿಸಿಯಾನು? ಚೋಳರ ಕೈಗೆ ಬಂದ ವಿಳಿಂಜವು ರಾಜೇಂದ್ರಚೋಳಪಟ್ಟಿನ ಎಂಬ ಹೆಸರನ್ನೂ ಹೊತ್ತಿತು. ಆ ಹೆಸರು ನಿಲ್ಲಲಿಲ್ಲ.

ಇಷ್ಟೆಲ್ಲ ನಡೆದ ಊರಿನಲ್ಲಿ ಇಂದು ಕಣ್ಣಿಗೆ ಕಾಣುವುದು ಬಂಡೆಯಲ್ಲಿ ಕೊರೆದ ಒಂದು ಗುಹಾಲಯ. ಬಾದಾಮಿಯ ಮೂರನೆಯ ಗುಹೆಯನ್ನು (ಕಾಲ 578) ಮನಸ್ಸಿನಲ್ಲಿಟ್ಟುಕೊಂಡು ಹೋದರೆ ನಿರಾಸೆ ಖಂಡಿತ. ಇದು ಒಂದೇ ಕೋಣೆ. ಕಾಲ ಎಂಟನೆಯ ಶತಮಾನವೆನ್ನುತ್ತಾರೆ. ಒಳಗೆ ವೀಣೆ ಹಿಡಿದ ದಕ್ಷಿಣಾಮೂರ್ತಿ. ಬಾಗಿಲ ಇಕ್ಕೆಲದ ಬಂಡೆಯ ಮೇಲೆ ಒಂದೆಡೆ ಬಿಲ್ಲು ಹಿಡಿದ ಶಿವ, ಇನ್ನೊಂದೆಡೆ ಪಾರ್ವತಿಯೊಡನೆ ನರ್ತಿಸುವ ಶಿವ. ಎರಡೂ ಅಪೂರ್ಣ. ಉಳಿ ಅರ್ಧದಲ್ಲೇ ನಿಂತಿದೆ. ಪಾಂಡ್ಯರ ದಾಳಿಯೇ ಕಾರಣವೆಂದು ಊಹಿಸಲು ಮನಸ್ಸು ಹಾತೊರೆಯುತ್ತದೆ, ಆದರೆ ಅದಕ್ಕೆ ಆಧಾರವಿಲ್ಲ.

ಇನ್ನು ಹಿರಿಯರು ಕೇಳಿದ ಬಂದರು. 2015ರ ಡಿಸೆಂಬರಿನಲ್ಲಿ ಕಾಮಗಾರಿ ಆರಂಭವಾಯಿತು. 2024ರ ಜುಲೈಯಲ್ಲಿ ಮೊದಲ ದೊಡ್ಡ ಕಂಟೈನರ್ ಹಡಗು ಬಂತು. 2025ರ ಮೇ 2ರಂದು ಪ್ರಧಾನಿ ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ದಡದ ಹತ್ತಿರವೇ ಸುಮಾರು 18ರಿಂದ 20 ಮೀಟರು ಸಹಜ ಆಳ, ಅಂತಾರಾಷ್ಟ್ರೀಯ ಹಡಗು ಮಾರ್ಗಕ್ಕೆ ಸುಮಾರು 10 ನಾಟಿಕಲ್ ಮೈಲು: ಹಳೆಯ ಅರಸರು ಈ ಕೊಲ್ಲಿಗಾಗಿ ಕಾದಾಡಿದ ಕಾರಣ ಈ ಎರಡು ಅಂಕಿಗಳಿಂದ ಅರ್ಧ ತಿಳಿಯುತ್ತದೆ. 2022ರಲ್ಲಿ ಇದೇ ಬಂದರಿನ ದ್ವಾರದಲ್ಲಿ ಮೀನುಗಾರರು ತಿಂಗಳುಗಟ್ಟಲೆ ಧರಣಿ ಕುಳಿತರು. ಕಾಮಗಾರಿಯಿಂದ ಕಡಲ್ಕೊರೆತ ಹೆಚ್ಚಿತು ಎಂಬುದು ಅವರ ದೂರು. ಕೊರೆತಕ್ಕೆ ಬೇರೆ ಕಾರಣಗಳಿವೆ ಎಂಬುದು ಬಂದರಿನ ಪರ ನಿಂತವರ ವಾದ. ಮನೆ ಕಳೆದುಕೊಂಡ ಕುಟುಂಬಗಳು ವಲಿಯತುರದ ಸಿಮೆಂಟ್ ಗೋದಾಮಿನಲ್ಲಿ ವರ್ಷಗಟ್ಟಲೆ ದಿನ ದೂಡಿದ್ದಂತೂ ನಿಜ. ಉಳ್ಳಾಲದ ತೀರವನ್ನು ಬಲ್ಲ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರವಾಸಿಗಳಾಗಿ ಹೋದ ನಾವು ಹಡಗಿನ ಮುಂದೆ ಫೋಟೋ ತೆಗೆಸಿಕೊಂಡು ಬರುವುದೇ, ಬೆಸ್ತರ ಕೇರಿಯನ್ನೂ ಹಾದು ಬರುವುದೇ ಎಂಬುದು ಕೂಟದಲ್ಲಿ ಗಟ್ಟಿಯಾಗಿಯೇ ಚರ್ಚೆಯಾಯಿತು.

ಯಾವಾಗ ಹೋಗಬೇಕು? ಡಿಸೆಂಬರಿನಿಂದ ಫೆಬ್ರವರಿ ಎಂಬುದು ಎಲ್ಲರ ಸಲಹೆ. ಮಳೆಗಾಲದಲ್ಲಿ ಕೋವಳಂನ ಕಡಲಿಗೆ ಇಳಿಯುವಂತಿಲ್ಲ. ಆದರೆ ಸುತ್ತಲಿನ ಕರಾವಳಿಯ ದೋಣಿಗಳೆಲ್ಲ ವಿಳಿಂಜದ ಆಶ್ರಯಕ್ಕೆ ಬಂದು ಸೇರುವುದು ಜೂನ್, ಜುಲೈ ತಿಂಗಳುಗಳಲ್ಲೇ. ಈ ಊರು ಏಕೆ ಬಂದರಾಯಿತೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ. 1972ರ ದೀಪಸ್ತಂಭವನ್ನು ಏರಿದರೆ ಎರಡೂ ಊರುಗಳು ಒಟ್ಟಿಗೆ ಕಾಣುತ್ತವೆ. 1991ರಲ್ಲಿ ಅಲೆಯಿಂದ ವಿದ್ಯುತ್ತು ತೆಗೆಯಲು ಕಟ್ಟಿದ 150 ಕಿಲೋವಾಟ್‌ನ ಪ್ರಯೋಗ ಘಟಕವೂ ಇಲ್ಲೇ ಇತ್ತು. ಈಗ ಅದು ನಿಂತಿದೆ.

ಕೊನೆಗೆ ಎರಡು ತಂಡಗಳಾದವು. ಅಭ್ಯಂಗದವರು ಜನವರಿಯಲ್ಲಿ ಹೋಗುತ್ತಾರೆ. ನಾವು ಜುಲೈಯ ಒಂದು ಶನಿವಾರ ರಾತ್ರಿ ಎರ್ನಾಕುಳಂನಿಂದ ರೈಲು ಹಿಡಿದು, ಬೆಳಿಗ್ಗೆ ತಿರುವನಂತಪುರದ ಕಿೞಕ್ಕೇಕೋಟೆಯಿಂದ ಬಸ್ಸಿನಲ್ಲಿ ಹೋಗುವುದೆಂದಾಯಿತು. ಮೊದಲು ಗುಹೆ, ಬಳಿಕ ಬೆಸ್ತರ ಕೇರಿ, ಮಳೆ ಬಿಟ್ಟರೆ ದೀಪಸ್ತಂಭ. ‘ಅಲ್ಲೇನಿದೆ’ ಎಂದು ಕೇಳಿದ ಹಿರಿಯರು ಕೊಡೆಯೊಂದಿಗೆ ನಮ್ಮ ತಂಡದಲ್ಲೇ ಹೆಸರು ಬರೆಸಿದ್ದಾರೆ.